ಸಪ್ಪಲಮ್ಮನ ಚಪ್ಪಲಿ

ತಾಹಿರಾಳ ಚಪ್ಪಲಿ ಪ್ರಯೋಗಾಲಯದಲ್ಲಿ ಒಮ್ಮೆಯೂ ಸೋತಿರಲಿಲ್ಲ. ರಬ್ಬರಿನ ಕಾಲಿಗೆ ಹಾಕಿ ಯಂತ್ರದ ಮೇಲೆ ವಾರಗಟ್ಟಲೆ ಓಡಿಸಿದ್ದರು. ಸಂಶೋಧನಾ ವಿದ್ಯಾರ್ಥಿಗಳ ಕಾಲಿಗೆ ಹಾಕಿ, ಅಡಿಯಲ್ಲಿ ಕಡಲೆಕಾಳಿಟ್ಟು, ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆಸಿದ್ದರು. ಕಾಳು ಎಲ್ಲಿ ಒತ್ತಿತೋ ಅಲ್ಲೇ ಕಂಡುಹಿಡಿದು ಚಪ್ಪಲಿ ಕೀಂ ಕೀಂ ಎಂದಿತ್ತು.

ಸಕ್ಕರೆ ಕಾಯಿಲೆ ಹಳೆಯದಾದವರಿಗೆ ಅಂಗಾಲಿನ ಅರಿವು ಮೆಲ್ಲಗೆ ಹೊರಟುಹೋಗುತ್ತದೆ. ಕಲ್ಲು ಒತ್ತಿದರೂ ಮುಳ್ಳು ಮುರಿದರೂ ಗೊತ್ತಾಗುವುದಿಲ್ಲ. ಗಾಯವಾಗಿ, ಕೀವಾಗಿ, ಆಸ್ಪತ್ರೆಗೆ ಬರುವ ಹೊತ್ತಿಗೆ ಬೆರಳನ್ನೋ ಪಾದವನ್ನೋ ತೆಗೆಯಬೇಕಾಗುತ್ತದೆ. ಆದರೆ ಗಾಯ ಕಾಣಿಸಿಕೊಳ್ಳುವ ಮೊದಲೇ ಆ ಜಾಗ ಬಿಸಿಯಾಗುತ್ತದೆ. ಆ ಬಿಸಿಯನ್ನು ಹಿಡಿಯುವ ಸಣ್ಣ ಬಿಲ್ಲೆಗಳನ್ನು ತಾಹಿರಾ ಚಪ್ಪಲಿಯ ಅಟ್ಟೆಯೊಳಗೆ ಕೂರಿಸಿದ್ದಳು. ಒಂದು ಕಾಲಿಗಿಂತ ಇನ್ನೊಂದು ಕಾಲು ಎಲ್ಲಾದರೂ ಹೆಚ್ಚು ಬಿಸಿಯಾದರೆ ಪಟ್ಟಿಯ ಮೇಲೆ ಕೆಂಪು ದೀಪ ಹೊತ್ತುತ್ತಿತ್ತು, ಸದ್ದಾಗುತ್ತಿತ್ತು, ಚಪ್ಪಲಿ ಇರುವ ಜಾಗದ ಸಮೇತ ಬೆಂಗಳೂರಿನ ಕಂಪ್ಯೂಟರಿಗೂ ಸುದ್ದಿ ಹೋಗುತ್ತಿತ್ತು.

"ಇನ್ನು ರಬ್ಬರ್ ಕಾಲು ಸಾಕು. ರೋಗಿಗಳ ಕಾಲಿಗೆ ಹೋಗ್ಬೇಕು," ಎಂದರು ಪ್ರಯೋಗಾಲಯದ ಮುಖ್ಯಸ್ಥೆ ಪ್ರೊಫೆಸರ್ ಸಂಘಮಿತ್ರ.

ತಾಹಿರಾ ದೊಡ್ಡಬಳ್ಳಾಪುರದವಳು. ಅವಳ ಅಬ್ಬಾ ನಜೀಬುಲ್ಲಾ ಅಲ್ಲಿ ರೇಷ್ಮೆ ಸೀರೆ ವ್ಯಾಪಾರ ಮಾಡಿಕೊಂಡಿದ್ದರು. ಹಾಗಾಗಿ ಅವಳಿಗೆ ಬೇರೆ ಊರು ತೋಚಲೇ ಇಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಸಕ್ಕರೆ ಕಾಯಿಲೆಯ ಕ್ಲಿನಿಕ್ ನಡೆಸುತ್ತಿದ್ದ ಡಾಕ್ಟರ್ ಹರಿಪ್ರಸಾದ್ ಖುಷಿಯಿಂದ ಒಪ್ಪಿ, ರಾಜಘಟ್ಟದ ಹತ್ತು ಹನ್ನೆರಡು ರೋಗಿಗಳನ್ನು ಗೊತ್ತುಮಾಡಿಕೊಟ್ಟರು. ಮೊದಲು ಬಂದವರು ಸಪ್ಪಲಮ್ಮ, ಜೊತೆಯಲ್ಲಿ ಗಂಡ ಲಕ್ಷ್ಮಯ್ಯ.

ಸಪ್ಪಲಮ್ಮನಿಗೆ ಸಕ್ಕರೆ ಬಂದು ಎಷ್ಟೋ ವರ್ಷವಾಗಿತ್ತು. ಎಡಗಾಲಿನ ಕಿರುಬೆರಳು ಹೋಗಿತ್ತು. ಲಕ್ಷ್ಮಯ್ಯನಿಗೆ ಯಾವ ಕಾಯಿಲೆಯೂ ಇಲ್ಲ ಎಂದು ಲಕ್ಷ್ಮಯ್ಯನೇ ಹೇಳುತ್ತಿದ್ದ. ಎರಡು ಸೀಮೆ ಹಸು ಸಾಕಿಕೊಂಡು, ಡೈರಿಗೆ ಹಾಲು ಹಾಕಿಕೊಂಡು, ದಿನಕ್ಕೆ ಐದಾರು ಲೋಟ ಟೀಯನ್ನು ಪಾಯಸದಷ್ಟು ಸಿಹಿ ಮಾಡಿಸಿಕೊಂಡು ಕುಡಿಯುವ ಮನುಷ್ಯ.

ಒಪ್ಪಿಗೆ ಪತ್ರದ ಕಟ್ಟು ನೋಡಿದ್ದೇ ಅವನ ಹುಬ್ಬು ಮೇಲಕ್ಕೆ ಹೋಯಿತು. "ಮೇಡಮ್ಮೋರೇ, ದೇವನಹಳ್ಳಿ ಕಡೆ ಇಷ್ಟೇ ದಪ್ಪದ ಪೇಪರ್‌ಗೆ ಹೆಬ್ಬೆಟ್ಟು ಹಾಕಿಸ್ಕೊಂಡು ನಮ್ಮ ಭಾವಮೈದನ ಹೊಲಾನೇ ಬರೆಸ್ಕೊಂಡ್ರು. ಇದ್ರಾಗೆ ಜಮೀನಿನ ಮಾತು ಏನೂ ಇಲ್ಲ ತಾನೆ?"

"ಇಲ್ಲ ಯಜಮಾನ್ರೇ. ಬರೀ ಚಪ್ಪಲಿ ಮಾತು."

"ಚಪ್ಪಲಿಗೆ ಇಷ್ಟೊಂದು ಪೇಪರ್ರಾ?"

"ಸುಮ್ಕಿರಯ್ಯ ನೀನು," ಎಂದು ಸಪ್ಪಲಮ್ಮ ಸಹಿ ಹಾಕಿ, ನೀಲಿ ಬಣ್ಣದ ಆ ಚಪ್ಪಲಿ ಜೊತೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. "ಸಪ್ಪಲಮ್ಮನಿಗೆ ಚಪ್ಪಲಿ. ನನ್ನ ಹೆಸರಿಗೇ ಹೇಳಿ ಮಾಡಿಸಿದಂಗೈತೆ ಕಣಮ್ಮ."

ತಾಹಿರಾಳ ಸಹಾಯಕ ನರೇಶ್, ಹೊಸಕೋಟೆ ಕಡೆಯ ಹುಡುಗ, ಲ್ಯಾಪ್‌ಟಾಪ್ ಇಲ್ಲದೆ ಊಟಕ್ಕೂ ಕೂರುವವನಲ್ಲ. ಅವನು ಬಗ್ಗಿ ಚಾರ್ಜ್ ಮಾಡುವ ರೀತಿ ತೋರಿಸಿ, ಕೊನೆಗೆ, "ಜೋಪಾನ ಅಜ್ಜಿ, ಒಳಗಿರೋದೆಲ್ಲ ಬಹಳ ಸೂಕ್ಷ್ಮ," ಎಂದ.

ಎಲ್ಲ ಕೆಟ್ಟಿದ್ದು ಆ ಜೋಪಾನದಿಂದ. ಸಪ್ಪಲಮ್ಮ ಮನೆಗೆ ಹೋಗಿ ಚಪ್ಪಲಿ ಒರೆಸಿ, ಮಗಳ ಮದುವೆಯಲ್ಲಿ ಬಂದ ಟವೆಲಿನಲ್ಲಿ ಸುತ್ತಿ, ಬೀರುವಿನಲ್ಲಿ ರೇಷ್ಮೆ ಸೀರೆಯ ಪಕ್ಕ ಇಟ್ಟು ಬೀಗ ಹಾಕಿದಳು. ವಾರಕ್ಕೊಮ್ಮೆ ತೆಗೆದು, ಮಿಕ್ಸಿಯ ಪ್ಲಗ್ಗಿಗೆ ಸಿಕ್ಕಿಸಿ ಚಾರ್ಜ್ ಮಾಡಿ, ಮತ್ತೆ ಟವೆಲು ಸುತ್ತಿ ಒಳಗಿಡುತ್ತಿದ್ದಳು. ಓಡಾಟಕ್ಕೆ ಅದೇ ಹಳೆಯ ಹವಾಯಿ ಚಪ್ಪಲಿ, ಮನೆಯೊಳಗೆ ಬರಿಗಾಲು.

ಬೆಂಗಳೂರಿನಲ್ಲಿ ಇದ್ಯಾವುದೂ ಗೊತ್ತಿರಲಿಲ್ಲ. ಕಂಪ್ಯೂಟರಿನ ಪರದೆಯಲ್ಲಿ ಉಳಿದ ರೋಗಿಗಳ ಕಾಲಿನ ಬಿಸಿಯ ಗೆರೆಗಳು ಹಲ್ಲು ಮುರಿದ ಬಾಚಣಿಗೆಯಂತೆ ಏರಿಳಿಯುತ್ತಿದ್ದವು. ಒಬ್ಬರ ಚಪ್ಪಲಿಯನ್ನು ಬಾಗಿಲ ಹೊರಗಿಂದ ನಾಯಿ ಕಚ್ಚಿಕೊಂಡು ಹೋಗಿ, ಅರ್ಧ ದಿನ ಗುಂಡಿಯೊಳಗಿಂದ ಸುದ್ದಿ ಬಂದಿತ್ತು. ಇನ್ನೊಬ್ಬರ ಚಪ್ಪಲಿ ಕೊಟ್ಟಿಗೆಯಲ್ಲಿ ಕೀಂ ಎಂದಿದ್ದಕ್ಕೆ ಹಸು ಹಾಲಿನ ಬಕೆಟ್ಟಿಗೆ ಒದ್ದಿತ್ತು. ಸಪ್ಪಲಮ್ಮನ ಗೆರೆ ಮಾತ್ರ ಕೆರೆಯ ನೀರಿನ ಹಾಗೆ. ಎಡಗಾಲು, ಬಲಗಾಲು, ಕೂದಲೆಳೆಯ ವ್ಯತ್ಯಾಸವಿಲ್ಲ.

"ಮೇಡಂ, ಅಜ್ಜಿ ನಡೆಯೋದೇ ಇಲ್ವಾ?" ಎಂದು ನರೇಶ್ ಅನುಮಾನಪಟ್ಟ.

"ಡಾಕ್ಟ್ರು ಕಾಲಿಗೆ ರೆಸ್ಟ್ ಕೊಡಿ ಅಂದಿದ್ರಂತೆ. ಅದಕ್ಕೇ ಇರ್ಬೇಕು," ಎಂದಳು ತಾಹಿರಾ.

"ಕಾಲು ಇಷ್ಟು ತಣ್ಣಗಿರುತ್ತಾ?"

ತಾಹಿರಾಳಿಗೂ ಒಳಗೊಳಗೆ ಕಸಿವಿಸಿ. ಊರಿಗೆ ಹೋಗಿ ನೋಡಿ ಬರಬೇಕು ಅಂದುಕೊಂಡಳು. ಆದರೆ ಸಂಘಮಿತ್ರ ಆ ಗೆರೆಗೆ ಮನಸೋತುಬಿಟ್ಟಿದ್ದರು. "ರಕ್ತ ಸಂಚಾರ ಕಡಿಮೆ ಇದ್ರೆ ತಣ್ಣಗಿರುತ್ತೆ. ಎಂಥ ಶಿಸ್ತು ಆ ಹೆಂಗಸಿಗೆ! ನಮ್ಮ ಸಲಹೆನ ಅಕ್ಷರಶಃ ಪಾಲಿಸ್ತಿದಾರೆ," ಎಂದು ದೆಹಲಿಯ ಒಂದು ಸಭೆಯಲ್ಲಿ ಅದನ್ನೇ ದೊಡ್ಡ ಪರದೆಯ ಮೇಲೆ ತೋರಿಸಿ ಚಪ್ಪಾಳೆ ಗಿಟ್ಟಿಸಿಕೊಂಡು ಬಂದರು. ರಾಜಘಟ್ಟದ ಒಂದು ಬೀರುವಿನ ಉಷ್ಣಾಂಶಕ್ಕೆ ದೇಶದ ದೊಡ್ಡ ದೊಡ್ಡ ವೈದ್ಯರು ತಲೆದೂಗಿದ್ದರು.

ಆಮೇಲೆ ಒಂದು ಭಾನುವಾರ ಬಂತು. ತಾಹಿರಾ ದೊಡ್ಡಬಳ್ಳಾಪುರದ ಮನೆಯಲ್ಲಿ ಅಬ್ಬಾನ ಜೊತೆ ತಿಂಡಿಗೆ ಕೂತಿದ್ದಳು. ನಜೀಬುಲ್ಲಾ ಸಾಹೇಬರು ಮೇಜಿನ ಕೆಳಗಿದ್ದ ಒಂದು ಹೆಚ್ಚುವರಿ ಚಪ್ಪಲಿ ನೋಡಿ, "ಬೇಟಾ, ಒಳಗೆ ಏನಾದ್ರೂ ಇರ್ಲಿ, ಈ ನೀಲಿನ ನಮ್ಮ ಗಿರಾಕಿ ಯಾರೂ ಮುಟ್ಟಲ್ಲ," ಎಂದು ಹೇಳುತ್ತಿರುವಾಗಲೇ ನರೇಶನ ಫೋನು.

"ಮೇಡಂ, ಸಪ್ಪಲಮ್ಮ ಎದ್ಬಿಟ್ರು!"

"ಎದ್ರೆ ಒಳ್ಳೇದಲ್ವೇನೋ?"

"ಎದ್ದು ಬೆಟ್ಟ ಹತ್ತತಾ ಇದಾರೆ! ಜಾಗ ಮಾಕಳಿದುರ್ಗ ಅಂತ ತೋರಿಸ್ತಿದೆ. ಬಲಗಾಲಿನ ಮುಂಭಾಗ ಕೆಂಪಗಾಗಿದೆ. ನಾನು ಇಷ್ಟು ಕೆಂಪು ಯಾವತ್ತೂ ನೋಡಿಲ್ಲ."

ತಾಹಿರಾ ಲಕ್ಷ್ಮಯ್ಯನ ಮೊಬೈಲಿಗೆ ಮೇಲಿಂದ ಮೇಲೆ ಫೋನ್ ಮಾಡಿದಳು. ಸಿಗಲಿಲ್ಲ. ಅರವತ್ತು ದಾಟಿದ, ಒಂದು ಬೆರಳು ಕಳೆದುಕೊಂಡ ಹೆಂಗಸು ಬಿಸಿಲಲ್ಲಿ ಕಲ್ಲುಬಂಡೆ ಹತ್ತುತ್ತಿರುವ ಚಿತ್ರ ಅವಳ ಕಣ್ಣ ಮುಂದೆ ಬಂದು, ಕೈತೊಳೆಯುವುದನ್ನೂ ಮರೆತು ಎದ್ದಳು. ನರೇಶನೂ ಬೈಕಿನಲ್ಲಿ ಬಂದು ಸೇರಿಕೊಂಡ. ಇಬ್ಬರೂ ಘಾಟಿ ರಸ್ತೆ ಹಿಡಿದು, ರೈಲು ಹಳಿ ದಾಟಿ, ಬೆಟ್ಟದ ಬುಡಕ್ಕೆ ಬಂದರು. ಚಾರಣಕ್ಕೆ ಬಂದ ಬೆಂಗಳೂರಿನವರು ಬಣ್ಣಬಣ್ಣದ ಟೋಪಿ ಹಾಕಿಕೊಂಡು ಸಾಲುಗಟ್ಟಿದ್ದರು. ಟಿಕೆಟ್ ನೋಡುವ ಗಾರ್ಡ್ ಮುನಿಸ್ವಾಮಿ ಸ್ಟೂಲಿನ ಮೇಲೆ ಕೂತಿದ್ದ.

"ವಯಸ್ಸಾದ ಹೆಂಗಸು ಮೇಲೆ ಹೋದ್ರಾ? ನೀಲಿ ಚಪ್ಪಲಿ ಹಾಕ್ಕೊಂಡು?" ಎಂದು ತಾಹಿರಾ ಏದುಸಿರಿನಲ್ಲಿ ಕೇಳಿದಳು.

"ಹೆಂಗಸು ಯಾರೂ ಇಲ್ಲಮ್ಮ. ನೀಲಿ ಚಪ್ಪಲಿ ಹಾಕಿದ್ದ ಒಬ್ಬ ಯಜಮಾನ್ರು ಹೋದ್ರು. ನಾಕು ಜನ ನೆಂಟರು ಜೊತೆಗೆ. ಚಪ್ಪಲಿ ಕೀಂ ಕೀಂ ಅಂತಿತ್ತು. ಮಕ್ಕಳು ಹಾಕ್ಕೋತಾರಲ್ಲ, ಅಂಥದ್ದು ಅಂದ್ಕೊಂಡೆ."

ತಾಹಿರಾ, ನರೇಶ್ ಮುಖ ಮುಖ ನೋಡಿಕೊಂಡರು. ಟಿಕೆಟ್ ತೆಗೆದುಕೊಂಡು ಹತ್ತತೊಡಗಿದರು. ಕಾಲಿನ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದಿದ್ದ ತಾಹಿರಾ ಬೆಟ್ಟ ಹತ್ತಿ ಬಹಳ ವರ್ಷವಾಗಿತ್ತು. ಅರ್ಧ ದಾರಿಗೆ ಅವಳ ಮಂಡಿಗಳು ಬೇರೆಯವರದ್ದು ಅನ್ನಿಸತೊಡಗಿದವು. ನರೇಶ್ ಲ್ಯಾಪ್‌ಟಾಪಿನ ಚೀಲ ಎದೆಗಪ್ಪಿಕೊಂಡು, ಜಾರುವ ಬಂಡೆಯ ಮೇಲೆ ಕೂತು ಕೂತು ಮುಂದೆ ಸಾಗುತ್ತಿದ್ದ. ಪಕ್ಕದಲ್ಲಿ ಹತ್ತುತ್ತಿದ್ದ ಹುಡುಗಿಯೊಬ್ಬಳು ಕನಿಕರದಿಂದ ಅವನಿಗೆ ಗ್ಲೂಕೋಸ್ ನೀರು ಕೊಟ್ಟಳು.

ತುದಿಯ ಹತ್ತಿರ, ಕೋಟೆಯ ಗೋಡೆಯ ನೆರಳಿನಲ್ಲಿ, ಲಕ್ಷ್ಮಯ್ಯ ಬಂಡೆಯ ಮೇಲೆ ಕಾಲು ಚಾಚಿ ಕೂತಿದ್ದ. ಸುತ್ತ ಮಗಳ ಅತ್ತೆಮನೆಯ ಕಡೆಯವರು, ಅಂದರೆ ಬೀಗರು, ಚಿಕ್ಕಬಳ್ಳಾಪುರದಿಂದ ಬಂದವರು. ಬೆಟ್ಟದ ಮೇಲಿನ ಈಶ್ವರನ ಗುಡಿ ನೋಡಬೇಕೆಂದು ಬಂದಿದ್ದರು. ಬೀಗರ ಎದುರು ಸವೆದ ಹವಾಯಿ ಹಾಕಿಕೊಂಡು ನಡೆಯುವುದು ಹೇಗೆ ಎಂದು ಲಕ್ಷ್ಮಯ್ಯ ಬೆಳಿಗ್ಗೆಯೇ ಬೀರುವಿನ ಬೀಗದ ಕೈ ಹುಡುಕಿದ್ದ.

"ನೋಡಿ ಬೀಗರೇ, ಕತ್ತಲಾದ್ರೆ ಟಾರ್ಚೇ ಬೇಕಾಗಿಲ್ಲ. ತಾನಾಗೇ ಕೆಂಪು ಲೈಟು ಹತ್ಕೊಂತದೆ," ಎನ್ನುತ್ತಿದ್ದ. ಆಮೇಲೆ ತಾಹಿರಾಳನ್ನು ಕಂಡ. "ಅರೆ, ಮೇಡಮ್ಮೋರು! ಪೂಜೆಗೆ ಬಂದ್ರಾ?"

"ಯಜಮಾನ್ರೇ, ಚಪ್ಪಲಿ ತೆಗೀರಿ."

"ತಪ್ಪಾಯ್ತು ತಾಯಿ. ಒಂದಿನಕ್ಕೆ ಅಂತ ಹಾಕ್ಕೊಂಡೆ. ಅವಳಿಗೆ ಹೇಳ್ಬೇಡಿ, ಬೀರು ಬೀಗ ತೆಗ್ದಿದ್ದು ಗೊತ್ತಾದ್ರೆ..."

"ಬೀರು?" ಎಂದ ನರೇಶ್. ತಿಂಗಳುಗಟ್ಟಲೆ ಕಂಡ ಆ ತಣ್ಣನೆಯ ಗೆರೆಯ ಗುಟ್ಟು ಅವನಿಗೆ ಆ ಕ್ಷಣದಲ್ಲಿ ಹೊಳೆದು, ಬಂಡೆಯ ಮೇಲೆಯೇ ಕುಸಿದು ಕೂತ.

ತಾಹಿರಾಳ ಗಮನ ಅಲ್ಲಿರಲಿಲ್ಲ. ಅವಳು ಮಂಡಿಯೂರಿ ಲಕ್ಷ್ಮಯ್ಯನ ಬಲಗಾಲಿನ ಚಪ್ಪಲಿ ಕಳಚಿದಳು. ಒಳಗೆ ಗೋಲಿ ಗಾತ್ರದ ಒಂದು ಕಲ್ಲು ಕೂತಿತ್ತು. ಹೆಬ್ಬೆರಳಿನ ಬುಡದಲ್ಲಿ ಚರ್ಮ ಸುಲಿದು, ರಕ್ತ ಅಟ್ಟೆಗೆ ಮೆತ್ತಿಕೊಂಡಿತ್ತು. ಅದರ ಪಕ್ಕದಲ್ಲೇ ಇನ್ನೊಂದು ಗಾಯ, ಇವತ್ತಿನದಲ್ಲ, ಅಂಚು ಕಪ್ಪಗಾಗಿತ್ತು.

"ನೋವಾಗ್ತಿಲ್ವಾ?"

"ಏನು ನೋವು?" ಎಂದ ಲಕ್ಷ್ಮಯ್ಯ.

ತಾಹಿರಾ ಆ ಕಲ್ಲನ್ನು ತೆಗೆದು ಅವನ ಅಂಗೈಯಲ್ಲಿಟ್ಟಳು. ಅವನು ಕಲ್ಲನ್ನೂ ಕಾಲನ್ನೂ ನೋಡಿದ. ರಕ್ತ ಕಂಡ ಮೇಲೆ ಬೀಗರು ಒಂದು ಹೆಜ್ಜೆ ಹಿಂದೆ ಸರಿದರು. "ನಂದು ಗಟ್ಟಿ ಕಾಲು. ಹೊಲದಾಗೆ ತುಳಿದು ತುಳಿದು ಜಡ್ಡುಗಟ್ಟಿದೆ," ಎಂದ, ಆದರೆ ಮಾತಿನಲ್ಲಿ ಮೊದಲಿನ ಗತ್ತು ಇರಲಿಲ್ಲ.

"ಇನ್ನು ಒಂದು ಹೆಜ್ಜೆನೂ ಊರಬಾರದು ನೀವು."

"ಹಂಗಾರೆ ಕೆಳಗೆ ಹೋಗೋದು ಹೆಂಗೆ?"

ಹೋದದ್ದು ಹೀಗೆ: ಬೀಗರು ಸರದಿಯ ಮೇಲೆ ಉಪ್ಪುಮೂಟೆ ಹೊತ್ತರು. ಮಗಳನ್ನು ಕೊಟ್ಟ ಮನೆಯವರ ಬೆನ್ನ ಮೇಲೆ ಕೂತು ಬೆಟ್ಟ ಇಳಿಯುವ ಭಾಗ್ಯ ಯಾವ ಹೆಣ್ಣಿನ ತಂದೆಗೂ ಬೇಡ ಎಂದು ಲಕ್ಷ್ಮಯ್ಯ ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದ. ಚಾರಣಿಗರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಕೆಲವರು ಫೋಟೋ ತೆಗೆದರು. ಎಲ್ಲರಿಗಿಂತ ದಪ್ಪಗಿದ್ದ ಹಿರಿಯ ಬೀಗರು ಕೊನೆಯ ಇಳಿಜಾರಿನಲ್ಲಿ, "ಮದ್ವೇಲಿ ನಿಮ್ಮ ಉಪಚಾರ ಚೆನ್ನಾಗಿತ್ತು ಬೀಗರೇ, ಇವತ್ತು ತೀರ್ತು," ಎಂದರು.

ಕ್ಲಿನಿಕ್ಕಿನಲ್ಲಿ ಡಾಕ್ಟರ್ ಹರಿಪ್ರಸಾದ್ ರಕ್ತ ಪರೀಕ್ಷೆ ಮಾಡಿ, ಯಂತ್ರ ತೋರಿಸಿದ ಅಂಕಿ ನೋಡಿ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಲಕ್ಷ್ಮಯ್ಯನೋರೇ, ನಿಮಗೆ ಸಕ್ಕರೆ ಇದೆ. ಇವತ್ತಿಂದಲ್ಲ. ಬಹಳ ವರ್ಷದಿಂದ ಇರ್ಬೇಕು."

"ಸಕ್ಕರೆ ಕಾಯಿಲೆ ನಮ್ಮನೆಯವಳದ್ದು ಸಾರ್, ನಂದಲ್ಲ."

"ಇದು ನಿಮ್ಮ ರಕ್ತ."

ಲಕ್ಷ್ಮಯ್ಯ ಯೋಚಿಸಿದ. ಕಣ್ಣು ಮೇಜಿನ ಮೇಲಿದ್ದ ನೀಲಿ ಚಪ್ಪಲಿಯ ಕಡೆ ಹೋಯಿತು. "ನಿನ್ನೆವರ್ಗೂ ಚೆನ್ನಾಗಿದ್ದೆ. ಇವತ್ತು ಅವಳ ಚಪ್ಪಲಿ ಹಾಕ್ಕೊಂಡೆ. ಅದ್ರಿಂದ ಅಂಟ್ಕೊಂಡೈತೆ ಸಾರ್."

ಡಾಕ್ಟರು ನಕ್ಕರು. ನಗಬಾರದಿತ್ತು. ಆ ಮಾತಿಗೆ ಸರಿಯಾದ ಉತ್ತರ ಸಿಗದೆ ಅದು ಲಕ್ಷ್ಮಯ್ಯನ ಜೊತೆ ಆಟೋ ಹತ್ತಿ ರಾಜಘಟ್ಟಕ್ಕೆ ಹೋಯಿತು.

ಸೋಮವಾರ ಸಂಘಮಿತ್ರ ಎಲ್ಲವನ್ನೂ ಕೇಳಿಸಿಕೊಂಡರು. "ಅಂದ್ರೆ ನಾನು ದೆಹಲಿಯಲ್ಲಿ ತೋರಿಸಿದ್ದು ಬೀರು."

"ಹೌದು ಮೇಡಂ. ಆದ್ರೆ ಚಪ್ಪಲಿ ಕೆಲಸ ಮಾಡಿದೆ. ಯಾರಿಗೂ ಗೊತ್ತಿಲ್ಲದ ಗಾಯನ ಹಿಡಿದಿದೆ. ಇನ್ನೊಂದು ತಿಂಗಳು ಬಿಟ್ಟಿದ್ರೆ ಕಾಲೇ ಹೋಗ್ತಿತ್ತು ಅಂತಾರೆ ಡಾಕ್ಟ್ರು."

"ಯಾರ ಕಾಲು?"

"ಲಕ್ಷ್ಮಯ್ಯನೋರದ್ದು."

"ಅವರು ನಮ್ಮ ಅಧ್ಯಯನದಲ್ಲಿ ಇದಾರಾ?"

"...ಇಲ್ಲ."

"ಒಪ್ಪಿಗೆ ಕೊಟ್ಟಿದಾರಾ?"

"ಬೀರು ಬೀಗ ತೆಗೆದು ಕದ್ದು ಹಾಕ್ಕೊಂಡಿದಾರೆ."

ಸಂಘಮಿತ್ರ ಹಣೆ ಒತ್ತಿಕೊಂಡರು. ಕಟ್ಟಾ ನಿಯಮದ ಹೆಂಗಸು. ಲೆಕ್ಕಕ್ಕೆ ಬರುವ ರೋಗಿ ಚಪ್ಪಲಿ ಹಾಕಿಲ್ಲ, ಚಪ್ಪಲಿ ಹಾಕಿದವನು ಲೆಕ್ಕಕ್ಕೆ ಬರುವುದಿಲ್ಲ. ಇಷ್ಟು ವರ್ಷದ ಕೆಲಸದಲ್ಲಿ ನಿಜವಾಗಿ ಒಂದು ಕಾಲು ಉಳಿಸಿದ ಆ ಒಂದೇ ಒಂದು ಬೆಳಗನ್ನು ಪ್ರಬಂಧದಿಂದ ತೆಗೆದುಹಾಕಬೇಕಾಯಿತು. ತಾಹಿರಾ ಆ ಸಂಜೆ ತನ್ನ ಮೇಜಿನ ಮುಂದೆ ಕೂತು ಅಳುವುದೋ ನಗುವುದೋ ತಿಳಿಯದೆ, ಕೊನೆಗೆ ಕ್ಯಾಂಟೀನಿಗೆ ಹೋಗಿ ಎರಡು ಪ್ಲೇಟ್ ಬೋಂಡ ತಿಂದಳು.

ಇನ್ನೂ ಕೆಟ್ಟ ಸುದ್ದಿ ಆ ವಾರದ ಕೊನೆಗೆ ಬಂತು. "ಬೇಗ ಬನ್ನಿ," ಎಂದು ಡಾಕ್ಟರ್ ಹರಿಪ್ರಸಾದ್ ಫೋನ್ ಮಾಡಿದರು. ಹೋಗಿ ನೋಡಿದರೆ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ನೀಲಿ ಚಪ್ಪಲಿಗಳ ರಾಶಿ. ರಾಜಘಟ್ಟದವರು ಒಬ್ಬೊಬ್ಬರಾಗಿ ಬಂದು ಇಟ್ಟು ಹೋಗಿದ್ದರು, ಕೆಲವರು ಕಡ್ಡಿಯ ತುದಿಗೆ ಸಿಕ್ಕಿಸಿಕೊಂಡು ತಂದಿದ್ದರಂತೆ. ಡೈರಿಯ ಕಾರ್ಯದರ್ಶಿ ಆದಿನಾರಾಯಣಪ್ಪ ಹಾಲು ಅಳೆಯುತ್ತಾ ಅಳೆಯುತ್ತಾ ಊರಿಗೆಲ್ಲ ಸಾರಿದ್ದ: "ಆ ಚಪ್ಪಲಿ ಹಾಕಿದ್ರೆ ಕಾಲಿನಿಂದ ಸಕ್ಕರೆ ಏರ್ತದೆ. ಲಕ್ಷ್ಮಯ್ಯನ್ನ ನೋಡಿ. ಕಲ್ಲಿನಂಗಿದ್ದ ಮನುಷ್ಯ ಒಂದೇ ದಿನಕ್ಕೆ ಮಲಗಿಬಿಟ್ಟ."

"ಏನು ಮಾಡೋಣ ಮೇಡಂ?" ಎಂದ ನರೇಶ್.

"ಊರಿಗೆ ಹೋಗೋಣ. ಮೊದಲೇ ಹೋಗ್ಬೇಕಿತ್ತು," ಎಂದಳು ತಾಹಿರಾ.

ಮರುದಿನ ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ತಾಹಿರಾ, ನರೇಶ್, ಡಾಕ್ಟರು ಮೂವರೂ ಡೈರಿಯ ಮುಂದೆ ಒಂದು ಮೇಜು ಹಾಕಿಕೊಂಡು ನಿಂತರು. ಜನ ಕ್ಯಾನು ಹಿಡಿದು ದೂರದಿಂದಲೇ ನೋಡಿದರು. ತಾಹಿರಾ ಭಾಷಣ ಬರೆದುಕೊಂಡು ಬಂದಿದ್ದಳು. ನರಗಳು, ರಕ್ತನಾಳಗಳು ಎಂದು ಶುರುಮಾಡಿದಳು. ಎರಡನೆಯ ವಾಕ್ಯಕ್ಕೆ ಒಬ್ಬ ಆಕಳಿಸಿದ, ಮೂರನೆಯದಕ್ಕೆ ಒಂದು ಎಮ್ಮೆ ಕೂಗಿತು.

ಗುಂಪನ್ನು ಸರಿಸಿಕೊಂಡು ಸಪ್ಪಲಮ್ಮ ಬಂದಳು. ಗಂಡನ ಮೇಲೂ ಬೀರುವಿನ ಬೀಗದ ಮೇಲೂ ಇದ್ದ ಸಿಟ್ಟು ಇನ್ನೂ ಆರಿರಲಿಲ್ಲ. "ಅದೇನು ನೋಡ್ತೀಯೋ ಎಲ್ಲರದ್ದೂ ನೋಡಮ್ಮ. ಚಪ್ಪಲಿ ಹಾಕಿದೋರದ್ದೂ ನೋಡು, ಮುಟ್ಟದೆ ಇರೋರದ್ದೂ ನೋಡು. ಆಮೇಲೆ ಮಾತಾಡೋಣ."

"ಮುಟ್ಟದೆ ಇರೋನು ನಾನಿದೀನಲ್ಲ!" ಎಂದು ಆದಿನಾರಾಯಣಪ್ಪ ಎದೆಯುಬ್ಬಿಸಿ ಮುಂದೆ ಬಂದು ಬೆರಳು ಚಾಚಿದ. "ಆ ದರಿದ್ರದ ಹತ್ರಾನೂ ಸುಳಿದಿಲ್ಲ. ನೋಡಿ, ಎಲ್ಲರೂ ನೋಡಿ."

ನರೇಶ್ ಚುಚ್ಚಿದ, ಹನಿ ತೆಗೆದ. ಯಂತ್ರ ಕ್ಷಣ ಯೋಚಿಸಿ ಒಂದು ಅಂಕಿ ತೋರಿಸಿತು. ಡಾಕ್ಟರು ಅದನ್ನು ಗಟ್ಟಿಯಾಗಿ ಓದಿದರು. ಲಕ್ಷ್ಮಯ್ಯನದಕ್ಕಿಂತ ಜಾಸ್ತಿ.

"ಮಿಷಿನ್ ಕೆಟ್ಟೈತೆ," ಎಂದ ಆದಿನಾರಾಯಣಪ್ಪ.

ನರೇಶ್ ತನ್ನದೇ ಬೆರಳು ಚುಚ್ಚಿಕೊಂಡು ತೋರಿಸಿದ. ಸರಿಯಾಗಿತ್ತು. ಡಾಕ್ಟರದ್ದೂ ಸರಿಯಾಗಿತ್ತು.

"ಹಂಗಾರೆ ಇನ್ನೊಂದು ಕೈ ನೋಡಿ."

ಇನ್ನೊಂದು ಕೈಯಲ್ಲೂ ಅದೇ ರಕ್ತ ಹರಿಯುತ್ತಿತ್ತು.

"ಮೊನ್ನೆ ಕ್ಲಿನಿಕ್ ಮುಂದೆ ಹೋಗೋವಾಗ ರಾಶಿ ಪಕ್ಕ ನಿಂತಿದ್ದೆ," ಎಂದು ಆದಿನಾರಾಯಣಪ್ಪ ನೆನಪು ಮಾಡಿಕೊಂಡ. "ಗಾಳೀಲಿ ಬಂದಿರ್ಬೇಕು."

ಮೊದಲು ನಕ್ಕಿದ್ದು ಸಪ್ಪಲಮ್ಮ. ಆಮೇಲೆ ಇಡೀ ಡೈರಿ ನಕ್ಕಿತು. ನಗು ಮುಗಿಯುವ ಹೊತ್ತಿಗೆ ಮೇಜಿನ ಮುಂದೆ ಸಾಲು ನಿಂತಿತ್ತು. ಚಪ್ಪಲಿಯ ಮುಖವನ್ನೇ ನೋಡದ ಇನ್ನೂ ಕೆಲವರಿಗೆ ಸಕ್ಕರೆ ಕಾಣಿಸಿಕೊಂಡಿತು. ನಗುತ್ತಾ ಬೆರಳು ಕೊಟ್ಟವರು ಅಂಕಿ ಕೇಳಿದ ಮೇಲೆ ಡಾಕ್ಟರ ಪಕ್ಕ ನಿಂತು ಮೆಲ್ಲಗೆ ಪ್ರಶ್ನೆ ಕೇಳತೊಡಗಿದರು. ಆದಿನಾರಾಯಣಪ್ಪ ಎಲ್ಲರೂ ಹೋಗುವವರೆಗೂ ಕಾದಿದ್ದು, "ಸಾರ್, ನಂದು ಔಷಧಿ ಯಾವಾಗ ಶುರು ಮಾಡೋದು? ಯಾರಿಗೂ ಹೇಳ್ಬೇಡಿ," ಎಂದ. ಹೇಳುವುದಕ್ಕೆ ಊರಿನಲ್ಲಿ ಯಾರೂ ಉಳಿದಿರಲಿಲ್ಲ.

ಅಲ್ಲಿಂದ ತಾಹಿರಾ ಸಪ್ಪಲಮ್ಮನ ಮನೆಗೆ ಹೋದಳು. ಲಕ್ಷ್ಮಯ್ಯ ಮಂಚದ ಮೇಲೆ ಕಾಲು ಎತ್ತಿಟ್ಟುಕೊಂಡು ಮಲಗಿದ್ದ. ಪಾದಕ್ಕೆ ದೊಡ್ಡ ಬ್ಯಾಂಡೇಜು. ನೆಲಕ್ಕೆ ಊರುವಂತಿರಲಿಲ್ಲ. ಸಪ್ಪಲಮ್ಮ ಬೈಯುತ್ತಲೇ ಬ್ಯಾಂಡೇಜು ಬಿಚ್ಚಿ ಗಾಯ ತೊಳೆಯತೊಡಗಿದಳು.

"ನನ್ನ ಬೆರಳು ತೆಗೆದಾಗ ಏನಂದಿದ್ದೆ? ಒಂದು ಬೆರಳು ತಾನೆ, ಇನ್ನೂ ಒಂಬತ್ತವೆ ಅಂದಿದ್ದೆ."

"ಅಂದಿದ್ನಾ?"

"ಅಂದಿದ್ದೆ. ಆಸ್ಪತ್ರೇಲಿ, ಎಲ್ಲರ ಮುಂದೆ."

ಅವಳು ಹತ್ತಿಯಿಂದ ಒರೆಸುವಾಗ ಲಕ್ಷ್ಮಯ್ಯನ ಕಣ್ಣು ಅವಳ ಎಡಗಾಲಿನ ಮೇಲೆ, ಬೆರಳಿದ್ದ ಜಾಗದ ಮೇಲೆ ನಿಂತಿತು. "ನಿನಗೂ ಹಿಂಗೇ ಏನೂ ಗೊತ್ತಾಗ್ತಿರಲಿಲ್ವೇನಮ್ಮೀ?" ಎಂದ.

"ಇಲ್ಲ. ನೆಲದ ಮೇಲೆ ನಿಂತಂಗೇ ಇರ್ಲಿಲ್ಲ," ಎಂದಳು ಸಪ್ಪಲಮ್ಮ. ಬೈಗುಳ ಅಲ್ಲಿಗೆ ನಿಂತಿತು.

ತಾಹಿರಾ ಆ ಮಾತಿನ ಮಧ್ಯೆ ನಿಲ್ಲಲು ಸಂಕೋಚವಾಗಿ ಹೊರಗೆ ಬಂದಳು. ಬಾಗಿಲ ಬಳಿ ಚಪ್ಪಲಿ ಮೆಟ್ಟಲು ಬಗ್ಗಿದವಳು ಹಾಗೇ ನಿಂತಳು. ಒಳಗೆ ಹೋಗುವಾಗ ಯೋಚನೆಯೇ ಇಲ್ಲದೆ ತಾನೂ ಬಿಟ್ಟು ಹೋಗಿದ್ದಳು. ಪಕ್ಕದಲ್ಲಿ ಮನೆಯವರದ್ದೆಲ್ಲ ಸಾಲಾಗಿದ್ದವು. ಅವಳ ಮನೆಯಲ್ಲೂ ಇದೇ, ಅಬ್ಬಾನ ಅಂಗಡಿಯ ಗಾದಿಯ ಕೆಳಗೂ ಇದೇ. ದಿನದ ಹೆಚ್ಚು ಹೊತ್ತು ಬರಿಗಾಲಲ್ಲೇ ಕಳೆಯುವ ಜನರ ನಡುವೆ ಹುಟ್ಟಿ ಬೆಳೆದವಳು, ಎಲ್ಲರೂ ಶೂ ಹಾಕಿಕೊಂಡೇ ಓಡಾಡುವ ಕಟ್ಟಡದೊಳಗೆ ಕೂತು, ಇಷ್ಟು ವರ್ಷ ಚಪ್ಪಲಿ ಮಾಡಿದ್ದಳು.

ಮತ್ತೆ ಒಳಗೆ ಹೋದಳು. "ಸಪ್ಪಲಮ್ಮನೋರೇ, ದಿನದಲ್ಲಿ ಎರಡೂ ಕಾಲು ಊರಿ ಸುಮ್ನೆ ಕೂರೋದು ಯಾವಾಗ?"

"ಬೆಳಿಗ್ಗೆ ಕಾಫಿ ಕುಡಿಯೋವಾಗ. ಅದೂ ಇವನು ಬಿಟ್ರೆ."

ಆ ಹೊತ್ತಿಗೆಂದು ತಾಹಿರಾ ಒಂದು ಮಣೆ ಮಾಡಿದಳು. ನೋಡಲು ಊಟಕ್ಕೆ ಕೂರುವ ಮಣೆಯ ಹಾಗೆ. ಅದೇ ಬಿಲ್ಲೆಗಳು ಚಪ್ಪಲಿಯಿಂದ ಹಲಗೆಗೆ ಬಂದವು. ಕುರ್ಚಿಯಲ್ಲಿ ಕೂತು ಬರಿಗಾಲನ್ನು ಅದರ ಮೇಲಿಟ್ಟು ಕಾಫಿ ಮುಗಿಸಿದರೆ ಆಯಿತು, ಬಿಸಿಯಾದ ಜಾಗ ಇದ್ದರೆ ದೀಪ ಹೇಳುತ್ತಿತ್ತು.

"ಮಣೆನಾ?" ಎಂದರು ಸಂಘಮಿತ್ರ. "ಅಟ್ಟೆ ಬಗ್ಗೋ ರೀತಿ, ನಡಿಗೆ ಲೆಕ್ಕಾಚಾರ, ನಮ್ಮ ಅಷ್ಟೂ ವರ್ಷದ ಕೆಲಸ ಏನಾಯ್ತು? ಮಣೆನ ಪ್ರಬಂಧದಲ್ಲಿ ಇಂಗ್ಲಿಷ್‌ನಲ್ಲಿ ಏನಂತ ಬರೀತೀಯ?"

"ಮಣೆ ಅಂತಲೇ ಬರೀತೀನಿ ಮೇಡಂ."

ಹೊಸ ಸಾಧನಕ್ಕೆ ಹೊಸ ಅನುಮತಿ ಬೇಕಾಗಿತ್ತು. ಸಮಿತಿಯವರು ಕೂರುವುದು, ಪ್ರಶ್ನೆ ಕೇಳುವುದು, ಮತ್ತೆ ಕೂರುವುದು. ಮಣೆಯ ಮೇಲೆ ಬೆಕ್ಕು ಮಲಗಿದರೆ ಏನು ಮಾಡುತ್ತೀರಿ ಎಂದು ಸಮಿತಿಯ ಒಬ್ಬರು ಬಹಳ ಗಂಭೀರವಾಗಿ ಕೇಳಿದರು. ಬೇಸಿಗೆ ಹೋಗಿ ಮಳೆಗಾಲ ಬಂತು. ಲಕ್ಷ್ಮಯ್ಯನ ಗಾಯ ನಿಧಾನವಾಗಿ ಮಾಗಿತು. ಟೀಯಲ್ಲಿ ಸಕ್ಕರೆ ನಿಂತಿತು, ಮುಖದಲ್ಲಿ ಮಾತ್ರ ಅದರ ದುಃಖ ನಿಲ್ಲಲಿಲ್ಲ. ತಾಹಿರಾಳಿಗೆ ಅವನೇ ಆಗಾಗ ಫೋನ್ ಮಾಡಿ, "ಅವರು ಇನ್ನೂ ಒಪ್ಪಿಲ್ವಾ? ನಾನು ಬಂದು ಹೇಳ್ಲಾ?" ಎಂದು ಕೇಳುತ್ತಿದ್ದ. ಕೊನೆಗೂ ಅನುಮತಿ ಸಿಕ್ಕಿತು, ಈ ಸಲ ಒಪ್ಪಿಗೆ ಪತ್ರಕ್ಕೆ ಮೊದಲ ಸಹಿ ಅವನದೇ.

ಮಣೆಗಳು ರಾಜಘಟ್ಟಕ್ಕೆ ಬಂದವು. ಒಂದೆರಡು ಮನೆಯಲ್ಲಿ ತರಕಾರಿ ಹೆಚ್ಚಲು ಬಳಕೆಯಾದವು, ಒಂದರ ಮೇಲೆ ಬೆಕ್ಕು ಮಲಗಿಯೂ ಮಲಗಿತು. ಆದರೆ ಹೆಚ್ಚಿನ ಮನೆಗಳಲ್ಲಿ ಕಾಲುಗಳು ಬಂದು ಕೂತವು. ಸಪ್ಪಲಮ್ಮನ ಮನೆಯಲ್ಲಿ ಇಬ್ಬರೂ ಮೊದಲು ನಾನು ಮೊದಲು ನಾನು ಎಂದು ಕಾದಾಡಿದ್ದರಿಂದ ಕೊನೆಗೆ ಎರಡು ಮಣೆ ಕೊಡಬೇಕಾಯಿತು. ಚಳಿಗಾಲದ ಹೊತ್ತಿಗೆ ಆದಿನಾರಾಯಣಪ್ಪ ಹಿಮ್ಮಡಿ ಊರಿದ ಜಾಗದಲ್ಲಿ ದೀಪ ಹತ್ತಿ, ಗಾಯ ಬಾಯಿಬಿಡುವ ಮೊದಲೇ ಡಾಕ್ಟರು ನೋಡಿದರು. ಅದು ನಿಯಮದ ಪ್ರಕಾರವೇ ಲೆಕ್ಕಕ್ಕೆ ಬಂತು.

ಆಗ ಸಂಘಮಿತ್ರ ಮೊಟ್ಟಮೊದಲ ಬಾರಿಗೆ ರಾಜಘಟ್ಟಕ್ಕೆ ಬಂದರು. ಬಾಗಿಲಲ್ಲಿ ಶೂ ಬಿಚ್ಚಲು ಲೇಸಿನ ಜೊತೆ ಒದ್ದಾಡುತ್ತಿದ್ದಾಗ ಲಕ್ಷ್ಮಯ್ಯ ಕುರ್ಚಿ ತಂದು ಹಾಕಿದ. ಬೆಂಗಳೂರಿನಿಂದ ಯಾರೋ ಹೊಸ ರೋಗಿ ಬಂದಿದ್ದಾರೆ ಅಂದುಕೊಂಡಿದ್ದ. ತಾಹಿರಾ ಪರಿಚಯ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪ್ರೊಫೆಸರರ ಎರಡೂ ಕಾಲು ಮಣೆಯ ಮೇಲಿದ್ದವು.

"ಅಲ್ಲಾಡಬಾರದು ಮೇಡಮ್ಮೋರೇ. ಉಸಿರು ಆಡಬಹುದು, ಕಾಲು ಆಡಬಾರದು. ಇದನ್ನ ಹೆಂಗೆ ಕಂಡುಹಿಡಿದ್ರು ಗೊತ್ತಾ?"

ತಾಹಿರಾ ಕಣ್ಣಲ್ಲೇ ಬೇಡ ಬೇಡ ಎಂದಳು. ಸಂಘಮಿತ್ರ ಅವಳ ಕಡೆ ನೋಡಲಿಲ್ಲ. ಸೀರೆಯ ನೆರಿಗೆ ಸರಿಮಾಡಿಕೊಂಡು, "ಇಲ್ಲ, ಗೊತ್ತಿಲ್ಲ. ಹೇಳಿ," ಎಂದರು.

ಲಕ್ಷ್ಮಯ್ಯ ಎದುರಿನ ಜಗಲಿಯ ಮೇಲೆ ಕೂತು, ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಅವನ ಕಥೆಯಲ್ಲಿ ಮಾಕಳಿದುರ್ಗ ಇರುವುದಕ್ಕಿಂತ ಎರಡರಷ್ಟು ಎತ್ತರವಿತ್ತು, ಬೀಗರು ಹೊತ್ತ ವಿಷಯ ಇರಲಿಲ್ಲ. ಸಪ್ಪಲಮ್ಮ ಕಾಫಿ ಲೋಟಗಳನ್ನು ಹಿಡಿದು ಬಂದವಳು, "ಎಲ್ಲ ಸುಳ್ಳು ಕಣಮ್ಮ, ಹೊತ್ಕೊಂಡು ಬಂದ್ರು ಇವನ್ನ," ಎಂದು ಲೋಟ ಕೈಗಿತ್ತು, ತಾನೂ ಪಕ್ಕದಲ್ಲಿ ಕೂತಳು. ಸಂಘಮಿತ್ರ ಕಾಫಿ ಕುಡಿಯುತ್ತಾ, ಕಾಲು ಅಲ್ಲಾಡಿಸದೆ, ಇಬ್ಬರ ಮಾತನ್ನೂ ಕೇಳುತ್ತಾ ಕೂತರು.